ಜಾನ್ ಡೆನ್ವರ್ ಕುಡಿದು ವಿಮಾನ ಹಾರಿಸಿ ಸತ್ತರಾ? ತನಿಖೆ ಹೇಳಿದ್ದು ಬೇರೆಯೇ

‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’ ಹಾಡನ್ನು ನೀವು ಒಮ್ಮೆಯಾದರೂ ಕೇಳಿರುತ್ತೀರಿ. ಕಾಲೇಜು ಹಾಸ್ಟೆಲ್‌ನಲ್ಲಿ ಯಾರ ಕೈಗಾದರೂ ಗಿಟಾರ್ ಸಿಕ್ಕರೆ ಮೊದಲು ಶುರುವಾಗುವುದು ಇದೇ (ನಮ್ಮ ಹಾಸ್ಟೆಲ್‌ನಲ್ಲಂತೂ ಹಾಗೇ ಇತ್ತು). ಅದನ್ನು ಹಾಡಿದ ಅಮೆರಿಕದ ಜಾನ್ ಡೆನ್ವರ್, 1997ರಲ್ಲಿ ತಾವೇ ಹಾರಿಸುತ್ತಿದ್ದ ಪುಟ್ಟ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ಕುಡಿದಿದ್ದರು ಅನ್ನುವವರಿದ್ದಾರೆ. ಮನೆಯಲ್ಲಿ ಕಟ್ಟಿದ ವಿಮಾನ ಇನ್ನೇನಾಗುತ್ತೆ ಅನ್ನುವವರೂ ಇದ್ದಾರೆ. ಎರಡೂ ತಪ್ಪು.

ಅವರ ನಿಜವಾದ ಹೆಸರು ಹೆನ್ರಿ ಜಾನ್ ಡಾಯ್ಚೆನ್‌ಡಾರ್ಫ್ ಜೂನಿಯರ್. ಹುಟ್ಟಿದ್ದು 1943ರ ಡಿಸೆಂಬರ್ 31ರಂದು, ನ್ಯೂ ಮೆಕ್ಸಿಕೋದ ರಾಸ್‌ವೆಲ್‌ನಲ್ಲಿ. ತಂದೆ ಅಮೆರಿಕದ ವಾಯುಪಡೆಯ ಅಧಿಕಾರಿ. 1961ರಲ್ಲಿ ಬಿ-58 ಬಾಂಬರ್ ಹಾರಿಸಿ ವೇಗದ ದಾಖಲೆ ಮಾಡಿದವರು. ಮಗ ಆರ್ಕಿಟೆಕ್ಚರ್ ಓದುವುದನ್ನು ಅರ್ಧಕ್ಕೆ ಬಿಟ್ಟು ಹಾಡಲು ಹೊರಟ. ಹೆಸರು ಉದ್ದವಾಯಿತೆಂದು ಕೊಲೊರಾಡೋದ ರಾಜಧಾನಿಯ ಹೆಸರನ್ನೇ ಇಟ್ಟುಕೊಂಡ. 1971ರಲ್ಲಿ ‘ಕಂಟ್ರಿ ರೋಡ್ಸ್’, ಮರುವರ್ಷ ‘ರಾಕಿ ಮೌಂಟನ್ ಹೈ’, 1974ರಲ್ಲಿ ಹೆಂಡತಿಗಾಗಿ ಬರೆದ ‘ಆನೀಸ್ ಸಾಂಗ್’. ಕೈಯಲ್ಲಿ ದುಡ್ಡು ಬಂದ ಮೇಲೆ ತಂದೆಯಿಂದಲೇ ವಿಮಾನ ಹಾರಿಸುವುದನ್ನು ಕಲಿತರು. ಸಾಯುವ ಹೊತ್ತಿಗೆ ಅವರ ಹಾರಾಟದ ಅನುಭವ 2,700 ಗಂಟೆಗೂ ಹೆಚ್ಚು.

ವದಂತಿ ಅವರಿಗೆ ಹೊಸದಲ್ಲ. ‘ರಾಕಿ ಮೌಂಟನ್ ಹೈ’ ಡ್ರಗ್ಸ್ ಹಾಡು ಎಂದುಕೊಂಡು ಕೆಲವು ರೇಡಿಯೋ ಕೇಂದ್ರಗಳು ಅದನ್ನು ಹಾಕಲಿಲ್ಲ. ಅದು ಬೆಟ್ಟದ ಮೇಲಿನ ಖುಷಿಯ ಹಾಡು ಎಂದು 1985ರಲ್ಲಿ ಅವರು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ವಿವರಿಸಬೇಕಾಯಿತು.

ಕುಡಿತದ ಮಾತು ಎಲ್ಲಿಂದ ಬಂತು? ಅದಕ್ಕೆ ಕಾರಣವಿದೆ. 1993 ಮತ್ತು 1994ರಲ್ಲಿ ಕುಡಿದು ಕಾರು ಓಡಿಸಿ ಅವರು ಸಿಕ್ಕಿಬಿದ್ದಿದ್ದರು. ಇದರಿಂದಾಗಿ ಪೈಲಟ್‌ಗೆ ಬೇಕಾದ ವೈದ್ಯಕೀಯ ಪ್ರಮಾಣಪತ್ರವೂ ಕೈತಪ್ಪಿತ್ತು. ಕಾನೂನಿನ ಪ್ರಕಾರ ಅವತ್ತು ಅವರು ಹಾರಿಸುವಂತಿರಲಿಲ್ಲ, ಇದು ನಿಜ. ಆದರೆ ಮರಣೋತ್ತರ ಪರೀಕ್ಷೆಯಲ್ಲಿ ಮದ್ಯವೂ ಸಿಗಲಿಲ್ಲ, ಡ್ರಗ್ಸೂ ಸಿಗಲಿಲ್ಲ.

ಹಾಗಾದರೆ ಏನಾಯಿತು? ಅವರು ಕೊಂಡಿದ್ದು ಲಾಂಗ್-ಈಝಡ್ ಎಂಬ ವಿಮಾನ. ಬರ್ಟ್ ರುಟಾನ್ ಎಂಬ ವಿನ್ಯಾಸಕಾರ ಇದರ ನಕ್ಷೆ ಮಾರುತ್ತಿದ್ದರು. ಕೊಂಡವರು ಫೋಮ್ ಮತ್ತು ಫೈಬರ್‌ಗ್ಲಾಸ್ ಬಳಸಿ ಮನೆಯ ಗ್ಯಾರೇಜಿನಲ್ಲೇ ಕಟ್ಟಿಕೊಳ್ಳುತ್ತಿದ್ದರು. ಅಮೆರಿಕದಲ್ಲಿ ಇದಕ್ಕೆ ಕಾನೂನಿನ ಒಪ್ಪಿಗೆಯಿದೆ. ಕಟ್ಟುವವರು ನಕ್ಷೆಯನ್ನು ಬದಲಿಸಿಕೊಳ್ಳಲೂಬಹುದು. ಸಮಸ್ಯೆ ಶುರುವಾಗಿದ್ದು ಈ ಬದಲಾವಣೆಯಲ್ಲೇ.

ಹಳೆಯ ಬೈಕ್ ಓಡಿಸಿದವರಿಗೆ ರಿಸರ್ವ್ ಗೊತ್ತು. ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಉಸಿರುಗಟ್ಟಿದ ಹಾಗೆ ಮಾಡಿದಾಗ, ಓಡುತ್ತಿರುವಾಗಲೇ ಎಡಗೈ ಕೆಳಗಿಳಿಸಿ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸುತ್ತೀರಿ. ಕಣ್ಣು ರಸ್ತೆ ಮೇಲೇ ಇರುತ್ತದೆ. ಅದೇ ನಲ್ಲಿ ನಿಮ್ಮ ಬೆನ್ನ ಹಿಂದೆ ಇದ್ದಿದ್ದರೆ?

ಲಾಂಗ್-ಈಝಡ್‌ಗೆ ಎರಡೂ ಬದಿ ಒಂದೊಂದು ಟ್ಯಾಂಕ್. ಒಂದು ಖಾಲಿಯಾದರೆ ನಲ್ಲಿ ತಿರುಗಿಸಿ ಇನ್ನೊಂದಕ್ಕೆ ಬದಲಿಸಬೇಕು. ರುಟಾನ್ ನಕ್ಷೆಯಲ್ಲಿ ನಲ್ಲಿ ಇದ್ದದ್ದು ಪೈಲಟ್ ಮುಂದೆ, ಕಾಲುಗಳ ನಡುವೆ. ಈ ವಿಮಾನವನ್ನು ಕಟ್ಟಿದವರಿಗೆ ಇಂಧನದ ಪೈಪು ಪೈಲಟ್ ಕೂರುವ ಜಾಗದಲ್ಲಿ ಹಾದುಹೋಗುವುದು ಬೇಡವೆನಿಸಿತ್ತು. ಬೆಂಕಿಯ ಭಯ ಸಹಜವೇ. ಹಾಗಾಗಿ ನಲ್ಲಿಯನ್ನು ಪೈಲಟ್‌ನ ಎಡ ಭುಜದ ಹಿಂದಿನ ಗೋಡೆಗೆ ಕೂರಿಸಿದರು. ಯಾವ ಕಡೆ ತಿರುಗಿಸಿದರೆ ಯಾವ ಟ್ಯಾಂಕ್ ಎಂಬ ಗುರುತೂ ಅದರ ಮೇಲೆ ಇರಲಿಲ್ಲ. ಇಂಧನ ಎಷ್ಟಿದೆ ಎಂದು ತೋರಿಸುವ ಗೇಜುಗಳೂ ಸೀಟಿನ ಹಿಂದೆಯೇ.

ನಲ್ಲಿ ಕೈಗೆಟುಕುತ್ತಿಲ್ಲ ಎಂದು ಡೆನ್ವರ್‌ಗೆ ಗೊತ್ತಿತ್ತು. ಅಕ್ಟೋಬರ್ 12ರ ಸಂಜೆ, ಕ್ಯಾಲಿಫೋರ್ನಿಯಾದ ಮಾಂಟೆರೆ ವಿಮಾನ ನಿಲ್ದಾಣದಲ್ಲಿ, ಅವರೂ ಒಬ್ಬ ಮೆಕ್ಯಾನಿಕ್ಕೂ ಸೇರಿ ಹಿಡಿಕೆಗೆ ಇಕ್ಕಳ ಸಿಕ್ಕಿಸಿ ಉದ್ದ ಮಾಡಲು ನೋಡಿದರು. ಪ್ರಯೋಜನವಾಗಲಿಲ್ಲ. ಗೇಜು ನೋಡಲು ಮೆಕ್ಯಾನಿಕ್ ಒಂದು ಪುಟ್ಟ ಕನ್ನಡಿ ಕೊಟ್ಟರು. ಇಂಧನ ತುಂಬಿಸೋಣವೇ ಎಂದಾಗ, ಒಂದು ಗಂಟೆಯಷ್ಟೇ ಹಾರುವುದು, ಬೇಡ ಎಂದರಂತೆ ಡೆನ್ವರ್. ಈ ವಿಮಾನದಲ್ಲಿ ಅವರು ತರಬೇತಿ ಪಡೆದಿದ್ದು ಹಿಂದಿನ ದಿನ, ಸುಮಾರು ಅರ್ಧ ಗಂಟೆ ಮಾತ್ರ.

ಕೆಲವು ಬಾರಿ ಇಳಿದು ಏರುವ ಅಭ್ಯಾಸ ಮಾಡಿ ಕಡಲಿನ ಕಡೆ ಹೊರಟರು. 5 ಗಂಟೆ 28 ನಿಮಿಷದ ಸುಮಾರಿಗೆ, ಪೆಸಿಫಿಕ್ ಗ್ರೋವ್ ಊರಿನ ದಡದ ಹತ್ತಿರ ವಿಮಾನ ಮೂತಿ ಕೆಳಗೆ ಮಾಡಿ ನೀರಿಗೆ ಬಿತ್ತು. ಆಗ ಅದು ಹಾರುತ್ತಿದ್ದದ್ದು ಕೆಲವೇ ನೂರು ಅಡಿ ಎತ್ತರದಲ್ಲಿ. ಅಷ್ಟರಲ್ಲಿ ತಪ್ಪು ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ. ಅವರಿಗೆ 53 ವರ್ಷ.

ತನಿಖಾಧಿಕಾರಿಗಳು ಈ ನಲ್ಲಿಯನ್ನು ತಲುಪುವುದು ಹೇಗೆಂದು ಪರೀಕ್ಷಿಸಿದರು. ಹಾರಾಟದ ಕಡ್ಡಿಯಿಂದ ಕೈ ಬಿಡಬೇಕು, ಭುಜದ ಬೆಲ್ಟ್ ಸಡಿಲಿಸಬೇಕು, ಮೈ ತಿರುಗಿಸಿ ಬಲಗೈಯನ್ನು ಎಡ ಭುಜದ ಹಿಂದಕ್ಕೆ ಚಾಚಬೇಕು. ಹಾಗೆ ತಿರುಗುವಾಗ ಗೊತ್ತಿಲ್ಲದೆಯೇ ಬಲಗಾಲು ರಡರ್ ಪೆಡಲನ್ನು ಒತ್ತುತ್ತಿತ್ತು. ವಿಮಾನ ಬಲಕ್ಕೆ ಎಳೆಯುತ್ತಿತ್ತು.

ಅಪಘಾತಗಳ ತನಿಖೆ ಮಾಡುವ ಅಮೆರಿಕದ ಎನ್‌ಟಿಎಸ್‌ಬಿ 1999ರಲ್ಲಿ ವರದಿ ಕೊಟ್ಟಿತು. ಗಮನ ನಲ್ಲಿಯ ಕಡೆ ಹೋಗಿ, ಪೆಡಲ್ ಒತ್ತಿಹೋಗಿ ನಿಯಂತ್ರಣ ತಪ್ಪಿದ್ದೇ ಕಾರಣ ಎಂದಿತು. ಇಂಧನ ತುಂಬಿಸದೆ ಹೊರಟಿದ್ದು, ಸಾಲದ ತರಬೇತಿ ಇವು ಡೆನ್ವರ್ ಲೆಕ್ಕಕ್ಕೆ ಬಂದವು. ಕೈಗೆಟುಕದ ಜಾಗದಲ್ಲಿ ಗುರುತಿಲ್ಲದ ನಲ್ಲಿ ಕೂರಿಸಿದ್ದು ಕಟ್ಟಿದವರ ಲೆಕ್ಕಕ್ಕೆ. ರುಟಾನ್ ನಕ್ಷೆಯಲ್ಲಿ ಆ ನಲ್ಲಿ ಕೈಗೆ ಸಿಗುವ ಜಾಗದಲ್ಲೇ ಇತ್ತು.