ಮಕ್ಕಳ ಪೋಷಣೆಗಾಗಿ ಹೋರಾಡಿದ ಎಲಿನರ್ ರಾತ್‌ಬೋನರು

ಪರೋಪಕಾರಕ್ಕೆ ಹೆಸರಾದ ವರ್ತಕ ಮನೆತನವೊಂದರಲ್ಲಿ ಎಲಿನರ್ ರಾತ್‌ಬೋನರು ಕ್ರಿ. ಶ. 1872ನೆಯ ಇಸವಿ ಮೇ 12ರಂದು ಲಂಡನ್ ನಗರದಲ್ಲಿ ಜನಿಸಿದರು. ಆ ಮನೆತನವು ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ರೇವುಪಟ್ಟಣದ್ದು. ತಂದೆಯವರಾದ ವಿಲಿಯಂ ರಾತ್‌ಬೋನರು ಪಾರ್ಲಿಮೆಂಟಿನ ಸದಸ್ಯರು. ಬಡ ರೋಗಿಗಳ ಮನೆಗೇ ದಾದಿಯರನ್ನು ಕಳುಹಿಸುವ ಏರ್ಪಾಡನ್ನು ಆ ಪಟ್ಟಣದಲ್ಲಿ ಮಾಡಿದವರು. ಮಗಳು ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿನಲ್ಲಿ ವ್ಯಾಸಂಗವನ್ನು ಮುಗಿಸಿ ತಂದೆಯ ಮಾರ್ಗವನ್ನೇ ಹಿಡಿದರು.

ರೇವಿನ ಕೂಲಿಕಾರರಿಗೆ ಒಂದು ದಿನ ಕೆಲಸವುಂಟು, ಮರುದಿನ ಇಲ್ಲ. ಆ ಅನಿಶ್ಚಿತ ಕೂಲಿಯಿಂದ ಸಂಸಾರಗಳು ಪಡುತ್ತಿದ್ದ ಬವಣೆಯನ್ನು ಇವರು ಸ್ವತಃ ವಿಚಾರಿಸಿ ವರದಿ ಬರೆದರು. 1909ರಲ್ಲಿ ಲಿವರ್‌ಪೂಲ್ ನಗರಸಭೆಗೆ ಚುನಾಯಿತರಾದ ಪ್ರಥಮ ಮಹಿಳೆಯೆನಿಸಿದರು. 1913ರಲ್ಲಿ ವಿಧವೆಯರ ದುಃಸ್ಥಿತಿಯನ್ನು ಕುರಿತು ಮತ್ತೊಂದು ವರದಿಯನ್ನು ಪ್ರಕಟಿಸಿದರು.

ಮೊದಲನೆಯ ಮಹಾಯುದ್ಧವು ಇವರಿಗೆ ಹೊಸ ಪಾಠವನ್ನು ಕಲಿಸಿತು. ಸಿಪಾಯಿಗಳ ಹೆಂಡಿರಿಗೆ ಸರಕಾರವು ಮಕ್ಕಳ ಸಂಖ್ಯೆಗೆ ಅನುಗುಣವಾಗಿ ಹಣವನ್ನು ನೇರವಾಗಿ ಕೊಡುತ್ತಿದ್ದಿತು. ಆ ಹಣದ ವಿತರಣೆಯಲ್ಲಿ ದುಡಿದ ರಾತ್‌ಬೋನರು, ತಾಯಿಯ ಕೈಗೆ ಬಂದ ಹಣವು ಮಗುವಿನ ಅನ್ನವಾಗುವುದೆಂಬುದನ್ನು ಕಣ್ಣಾರೆ ಕಂಡರು. ಯುದ್ಧಕಾಲದಲ್ಲಿ ಸಾಧ್ಯವಾದುದು ಶಾಂತಿಕಾಲದಲ್ಲಿ ಏಕೆ ಸಲ್ಲದು? ಇದೇ ಅವರ ಜೀವಮಾನದ ಪ್ರಶ್ನೆಯಾಯಿತು. ಅವಿವಾಹಿತನಿಗೂ ಆರು ಮಕ್ಕಳ ತಂದೆಗೂ ಸಂಬಳ ಒಂದೇ. ಆದುದರಿಂದ ಸಂಬಳವೊಂದರಿಂದಲೇ ಮಕ್ಕಳ ಹಸಿವು ಹಿಂಗದು. ಮಗುವಿನ ಪೋಷಣೆಯಲ್ಲಿ ರಾಜ್ಯಕ್ಕೂ ಪಾಲುಂಟು. ಈ ವಾದವನ್ನು 1924ರಲ್ಲಿ ಗ್ರಂಥರೂಪದಲ್ಲಿ ಮಂಡಿಸಿದರು.

ವಿರೋಧವು ಎರಡು ಕಡೆಯಿಂದಲೂ ಬಂದಿತು. ತಂದೆಯ ಹೊಣೆಗಾರಿಕೆ ಸಡಿಲವಾಗುವುದೆಂದು ಕೆಲವರು ಹೇಳಿದರೆ, ಮಾಲೀಕರು ಇದನ್ನೇ ನೆವಮಾಡಿ ಕೂಲಿಯನ್ನು ತಗ್ಗಿಸುವರೆಂದು ಕಾರ್ಮಿಕ ಸಂಘಗಳವರು ಶಂಕಿಸಿದರು. ರಾತ್‌ಬೋನರು ಎದೆಗುಂದಲಿಲ್ಲ. 1929ರಲ್ಲಿ ಯಾವ ಪಕ್ಷಕ್ಕೂ ಸೇರದೆ ವಿಶ್ವವಿದ್ಯಾಲಯಗಳ ಪ್ರತಿನಿಧಿಯಾಗಿ ಪಾರ್ಲಿಮೆಂಟನ್ನು ಪ್ರವೇಶಿಸಿ, ಕಡೆಯವರೆಗೂ ಅಲ್ಲಿಯೇ ವಾದಿಸಿದರು. ಅವರ ಗ್ರಂಥದಿಂದ ಮನವೊಲಿದಿದ್ದ ವಿಲಿಯಂ ಬೆವರಿಜರು 1942ರ ತಮ್ಮ ಪ್ರಸಿದ್ಧ ವರದಿಯಲ್ಲಿ ಮಕ್ಕಳ ಭತ್ಯವನ್ನು ಶಿಫಾರಸು ಮಾಡಿದರು.

1945ರಲ್ಲಿ ಮಸೂದೆಯು ಬಂದಾಗ ಅದರಲ್ಲಿ ಹಣವು ತಂದೆಗೆ ಸಲ್ಲತಕ್ಕದ್ದೆಂದಿದ್ದಿತು. ಕಾಲು ಶತಮಾನಕ್ಕೂ ಮೀರಿದ ಶ್ರಮದ ಫಲವು ಕೈಗೆಟುಕುವಂತಿದ್ದರೂ, ತಾಯಿಗೆ ಕೊಡದಿದ್ದಲ್ಲಿ ತಾವೇ ಆ ಮಸೂದೆಯನ್ನು ವಿರೋಧಿಸುವುದಾಗಿ ರಾತ್‌ಬೋನರು ಸಾರಿದರು. ಸರಕಾರವು ಸದಸ್ಯರಿಗೆ ಇಚ್ಛಾನುಸಾರ ಮತನೀಡಲು ಬಿಟ್ಟಿತು. ಸಭೆಯು ತಾಯಿಯ ಪರವಾಗಿ ನಿಂತಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಮಸೂದೆಯು ಕಾಯಿದೆಯಾಯಿತು.

ಆದರೂ ಫಲವು ಪೂರ್ಣವಾಗಿರಲಿಲ್ಲ. ಬೆವರಿಜರು ಹೇಳಿದ್ದು ವಾರಕ್ಕೆ 8 ಷಿಲಿಂಗು. ಸರಕಾರವು ಒಪ್ಪಿದ್ದು 5. ಚೊಚ್ಚಲ ಮಗುವಿಗೆ ಏನೂ ಇಲ್ಲ. ಎರಡನೆಯ ಮಗುವಿನಿಂದ ಮಾತ್ರ ಭತ್ಯ. 1946ನೆಯ ಆಗಸ್ಟ್ 6ರಂದು ಇಂಗ್ಲೆಂಡಿನ ತಾಯಂದಿರು ಮೊದಲ ಹಣವನ್ನು ಪಡೆದರು. ಅದನ್ನು ಕಾಣಲು ರಾತ್‌ಬೋನರು ಇರಲಿಲ್ಲ. ಅದೇ ವರ್ಷದ ಜನವರಿ 2ರಂದೇ ಅವರು ಕಾಲವಶರಾಗಿದ್ದರು. ಚೊಚ್ಚಲ ಮಗುವಿಗೂ ಆ ಸೌಲಭ್ಯವು ವಿಸ್ತರಿಸಿದುದು 1977ರಲ್ಲಿ.

ಸ್ವಂತ ಮಕ್ಕಳಿಲ್ಲದ ಈ ಮಹನೀಯರು ಪರರ ಮಕ್ಕಳ ಹಸಿವನ್ನು ತಮ್ಮದೆಂದು ಬಗೆದರು. ಬಡವರ ಮಗುವಿಗೆ ಸಲ್ಲುವ ತುತ್ತು ದಾನವಲ್ಲ, ಅದರ ಪಾಲು ಎಂಬುದನ್ನು ಒಂದು ರಾಜ್ಯದ ಶಾಸನದಲ್ಲಿ ನೆಲೆಗೊಳಿಸಿದುದೇ ಅವರ ಜೀವಿತದ ಸಾರ್ಥಕ್ಯವು.