ಪಾದ್ರಿಯ ದಫ್ತರದಲ್ಲಿ ಕವಿಯ ಮದುವೆ

ನಮ್ಮ ಪ್ರಾಚೀನ ಕವಿಗಳ ಕಾಲದೇಶಗಳನ್ನು ಶಾಸನಗಳಲ್ಲಿಯೂ ಕಾವ್ಯಗಳ ಆದ್ಯಂತಗಳಲ್ಲಿಯೂ ಅರಸಿ ಬಳಲಿದವರಿಗೆ ಇಂಗ್ಲೆಂಡಿನ ಕವಿಗಳ ವಿಷಯದಲ್ಲಿ ಒಂದು ಬಗೆಯ ಅಸೂಯೆ ಹುಟ್ಟುವುದು ಸಹಜ. ಆ ದೇಶದಲ್ಲಿ 1538ರಲ್ಲಿ, ಎಂಟನೆಯ ಹೆನ್ರಿಯ ಮಂತ್ರಿಯಾದ ಥಾಮಸ್ ಕ್ರಾಮ್‌ವೆಲ್‌ನ ಆಜ್ಞೆಯಂತೆ, ಪ್ರತಿಯೊಂದು ಪ್ಯಾರಿಷ್ಷಿನ ಪಾದ್ರಿಯೂ ತನ್ನ ಚರ್ಚಿನಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ವಾರವಾರವೂ ಬರೆದಿಡಬೇಕೆಂಬ ನಿಯಮವಾಯಿತು. ಶ್ರೀಮಂತ ದರಿದ್ರನೆಂಬ ಭೇದವಿಲ್ಲದೆ ಎಲ್ಲರ ಹೆಸರೂ ಒಂದೇ ಪುಸ್ತಕದಲ್ಲಿ ಸಾಲುಗೂಡಿದವು. ಹೀಗಿರುವಾಗ ಆ ನಾಡಿನ ಅತ್ಯಂತ ದೊಡ್ಡ ಕವಿಯ ಮದುವೆ ಎಲ್ಲಿ, ಯಾವ ದಿನ ನಡೆಯಿತೆಂಬುದು ಒಂದು ಪುಟ ತಿರುವಿದರೆ ತಿಳಿಯಬೇಕಲ್ಲವೆ? ತಿಳಿಯುವುದಿಲ್ಲ. ವಿಲಿಯಂ ಷೇಕ್ಸ್‌ಪಿಯರನ ಮದುವೆಯ ದಾಖಲೆ ಯಾವ ಪ್ಯಾರಿಷ್ಷಿನ ಪುಸ್ತಕದಲ್ಲಿಯೂ ಉಳಿದಿಲ್ಲ.

ಅವನ ಊರಾದ ಸ್ಟ್ರಾಟ್‌ಫರ್ಡಿನ ದಫ್ತರ 1558ರಿಂದ ಇದೆ. ಮೊದಲ ನಾಲ್ವತ್ತು ವರ್ಷಗಳ ಬರಹವೆಲ್ಲ ಒಂದೇ ಕೈಯದು. ಹಳೆಯ ಪುಸ್ತಕಗಳನ್ನು ಚರ್ಮಪತ್ರದ ಮೇಲೆ ನಕಲು ಮಾಡಬೇಕೆಂದು 1597ರಲ್ಲಿ ಆದ ಆಜ್ಞೆಯ ಫಲ ಅದು. ಕವಿಯ ದೀಕ್ಷಾಸ್ನಾನ ಅದರಲ್ಲಿದೆ: 1564ನೆಯ ಏಪ್ರಿಲ್ 26. ಅವನ ಹಿರಿಯ ಮಗಳು ಸುಸಾನಳದು ಇದೆ: 1583ನೆಯ ಮೇ 26. ಹ್ಯಾಮ್ನೆಟ್, ಜೂಡಿತ್ ಎಂಬ ಅವಳಿ ಮಕ್ಕಳದು ಇದೆ: 1585ನೆಯ ಫೆಬ್ರುವರಿ 2. ಈ ಕೊನೆಯ ತೇದಿಯನ್ನು ದಫ್ತರದಲ್ಲಿ ಹುಡುಕುವ ವಿದ್ಯಾರ್ಥಿ ಎಚ್ಚರವಾಗಿರಬೇಕು. ಆಗಿನ ಇಂಗ್ಲೆಂಡಿನಲ್ಲಿ ಹೊಸ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ರಂದು. ಆದ್ದರಿಂದ ನಾವು 1585 ಎನ್ನುವ ಫೆಬ್ರುವರಿ ಅಲ್ಲಿ 1584ರ ಕೊನೆಯಲ್ಲಿ ಬರುತ್ತದೆ. ಮಕ್ಕಳೆಲ್ಲ ಇದ್ದಾರೆ, ಮದುವೆ ಮಾತ್ರ ಇಲ್ಲ.

ಪ್ಯಾರಿಷ್ಷಿನ ಪುಸ್ತಕ ಮೌನವಾದಾಗ ಶೋಧಕನು ಬಿಷಪ್ಪನ ಕಚೇರಿಯ ಕಡೆಗೆ ತಿರುಗುತ್ತಾನೆ. ಸ್ಟ್ರಾಟ್‌ಫರ್ಡು ವೂಸ್ಟರಿನ ಬಿಷಪ್ಪನ ಆಡಳಿತಕ್ಕೆ ಸೇರಿತ್ತು. ಆ ಕಚೇರಿಯ ಪುಸ್ತಕದಲ್ಲಿ 1582ನೆಯ ನವೆಂಬರ್ 27ರಂದು, ವಿಲಿಯಂ ಷೇಕ್ಸ್‌ಪಿಯರನಿಗೂ ಟೆಂಪಲ್ ಗ್ರಾಫ್ಟನ್ನಿನ ಆನ್ ವೇಟ್ಲಿ ಎಂಬವಳಿಗೂ ವಿವಾಹದ ಲೈಸೆನ್ಸು ಕೊಟ್ಟುದಾಗಿ ಒಂದು ಸಾಲಿದೆ. ಮರುದಿನದ ತೇದಿಯುಳ್ಳ ಇನ್ನೊಂದು ಪತ್ರದಲ್ಲಿ, ಫುಲ್ಕ್ ಸ್ಯಾಂಡೆಲ್ಸ್, ಜಾನ್ ರಿಚರ್ಡ್‌ಸನ್ ಎಂಬ ಇಬ್ಬರು ಬೇಸಾಯಗಾರರು ನಾಲ್ವತ್ತು ಪೌಂಡುಗಳ ಮುಚ್ಚಳಿಕೆ ಬರೆದುಕೊಟ್ಟಿದ್ದಾರೆ. ಅದರಲ್ಲಿ ವಧುವಿನ ಹೆಸರು ಸ್ಟ್ರಾಟ್‌ಫರ್ಡಿನ ಆನ್ ಹ್ಯಾಥವೇ. ವರ ಒಬ್ಬನೆ, ದಿನಗಳು ಎರಡು, ವಧುಗಳು ಇಬ್ಬರು!

ಈ ಎರಡು ಸಾಲುಗಳ ನಡುವಣ ಬಿರುಕಿನಲ್ಲಿ ಒಂದು ಕಾದಂಬರಿಯೇ ಹುಟ್ಟಿಕೊಂಡಿತು. 1909ರಲ್ಲಿ ಫ್ರ್ಯಾಂಕ್ ಹ್ಯಾರಿಸ್ ಎಂಬ ಲೇಖಕನು, ಕವಿ ಒಲಿದದ್ದು ವೇಟ್ಲಿಯನ್ನೆಂದೂ, ಗರ್ಭಿಣಿಯಾಗಿದ್ದ ಹ್ಯಾಥವೇಯ ಕಡೆಯವರು ಬಲಾತ್ಕಾರದಿಂದ ಅವನನ್ನು ಮದುವೆಗೆ ಎಳೆದರೆಂದೂ ಕಥೆ ಕಟ್ಟಿದನು. ಆದರೆ ಶೋಧಕನು ಒಂದು ಸಾಲನ್ನು ಓದಿ ನಿಲ್ಲಬಾರದು. ಮೇಲೆ ಕೆಳಗೆ ಏನಿದೆಯೆಂದು ನೋಡಬೇಕು. ಅದೇ ದಿನ ಅದೇ ಕಚೇರಿಯಲ್ಲಿ ಕ್ರೌಲ್ ಎಂಬ ಊರಿನ ಪಾದ್ರಿ ವಿಲಿಯಂ ವೇಟ್ಲಿ ಎಂಬಾತನ ದಶಮಾಂಶದ ವ್ಯಾಜ್ಯ ವಿಚಾರಣೆಗೆ ಬಂದಿತ್ತು. ಕಿವಿಯಲ್ಲಿದ್ದ ಹೆಸರು ಗುಮಾಸ್ತನ ಲೇಖನಿಗಿಳಿಯಿತೆಂದು ಬಹುಮಂದಿ ವಿದ್ವಾಂಸರು ಎಣಿಸುತ್ತಾರೆ. ಗುಮಾಸ್ತನ ಒಂದು ಕೈತಪ್ಪಿನಿಂದ ಲೋಕದಲ್ಲಿ ಇಲ್ಲದ ನಾಯಿಕೆಯೊಬ್ಬಳು ಹುಟ್ಟಿದಳು. ಇದ್ದ ಹೆಣ್ಣಿನ ಮೇಲೆ ಅಪವಾದ ಬಂತು.

ಮುಚ್ಚಳಿಕೆ ಬರೆದ ಇಬ್ಬರಾದರೂ ಯಾರು? ಆನಳ ತಂದೆ ರಿಚರ್ಡ್ ಹ್ಯಾಥವೇ ಸ್ಟ್ರಾಟ್‌ಫರ್ಡಿನ ಬಳಿಯ ಷಾಟರಿಯಲ್ಲಿ ಬೇಸಾಯ ಮಾಡಿಕೊಂಡಿದ್ದವನು. 1581ರ ತನ್ನ ಉಯಿಲಿನಲ್ಲಿ ಅವನು ಮಗಳು ಆಗ್ನಸಳಿಗೆ ಮದುವೆಯ ದಿನ ಸಲ್ಲತಕ್ಕದ್ದೆಂದು ಆರು ಪೌಂಡು, ಹದಿಮೂರು ಷಿಲಿಂಗು, ನಾಲ್ಕು ಪೆನ್ಸುಗಳನ್ನು ಬಿಟ್ಟನು. ಆಗ್ನಸ್, ಆನ್ ಎಂಬ ಎರಡು ಹೆಸರುಗಳು ಆ ಕಾಲದಲ್ಲಿ ಒಂದಕ್ಕೊಂದು ಬದಲಾಗಿ ಬಳಕೆಯಲ್ಲಿದ್ದವು. ಆ ಉಯಿಲಿನ ಮೇಲ್ವಿಚಾರಕನಾಗಿ ಸ್ಯಾಂಡೆಲ್ಸನೂ ಸಾಕ್ಷಿಯಾಗಿ ರಿಚರ್ಡ್‌ಸನ್ನನೂ ಕಾಣಿಸಿಕೊಳ್ಳುತ್ತಾರೆ. ಎಂದಮೇಲೆ ಅವರು ದೊಣ್ಣೆ ಹಿಡಿದು ಬಂದ ದುರುಳರಲ್ಲ. ಸತ್ತ ಗೆಳೆಯನ ಮಗಳಿಗೆ ತಂದೆಯ ಸ್ಥಾನದಲ್ಲಿ ನಿಂತವರು. ಊರಿನ ಶಾಲೆಯ ಉಪಾಧ್ಯಾಯನ ವರ್ಷದ ಸಂಬಳ ಇಪ್ಪತ್ತು ಪೌಂಡು. ಅದರ ಎರಡರಷ್ಟು ಹಣಕ್ಕೆ ಇವರು ಹೊಣೆಯಾದರು.

ಅವಸರವಿದ್ದುದೇನೋ ನಿಜ. ಚರ್ಚಿನಲ್ಲಿ ಮದುವೆಯ ಪ್ರಕಟಣೆಯನ್ನು ಮೂರು ಸಲ ಓದಬೇಕು. ಆ ವರ್ಷ ಡಿಸೆಂಬರ್ 2ರಿಂದ ಜನವರಿಯ ನಡುವಿನವರೆಗೆ ಮದುವೆಗೆ ನಿಷಿದ್ಧಕಾಲ, ನಮ್ಮ ಶೂನ್ಯಮಾಸವಿದ್ದಂತೆ. ಒಂದೇ ಪ್ರಕಟಣೆಯಿಂದ ಮದುವೆ ನಡೆಯುವಂತೆ ಬಿಷಪ್ಪನ ಅನುಮತಿಯನ್ನು ಪಡೆದದ್ದು ಅದಕ್ಕಾಗಿಯೇ. ಆರು ತಿಂಗಳೊಳಗೆ ಸುಸಾನ ಹುಟ್ಟಿದಳು. ವರನಿಗೆ ಹದಿನೆಂಟು, ವಧುವಿಗೆ ಸುಮಾರು ಇಪ್ಪತ್ತಾರು. ಇದಿಷ್ಟೇ ಸಂಗತಿ. ಇದರಿಂದ ಪ್ರೀತಿಯಿತ್ತೆಂದಾಗಲಿ ಇರಲಿಲ್ಲವೆಂದಾಗಲಿ ಸಾಧಿಸಲಾಗದು. ಮಾತುಕೊಟ್ಟು ಕೈಹಿಡಿದ ಮೇಲೆ ಗಂಡುಹೆಣ್ಣುಗಳು ಸತಿಪತಿಗಳಂತೆಯೇ ಎಂದು ಭಾವಿಸುವ ರೂಢಿ ಆ ಸಮಾಜದಲ್ಲಿ ಇತ್ತೆಂಬುದನ್ನು ಮಾತ್ರ ನಾವು ಮರೆಯಬಾರದು.

ಮದುವೆ ಟೆಂಪಲ್ ಗ್ರಾಫ್ಟನ್ನಿನಲ್ಲಿಯೇ ನಡೆದಿರಬಹುದೆಂದು ಕೆಲವರ ಊಹೆ. ಆ ಊರಿನ ಪಾದ್ರಿ ಜಾನ್ ಫ್ರಿತ್‌ನನ್ನು ಕುರಿತು 1586ರ ಒಂದು ಪರಿಶೀಲನಾ ವರದಿಯಿದೆ: ಮುದುಕ, ಹೊಸ ಮತದಲ್ಲಿ ನಿಷ್ಠೆ ಸಾಲದವನು, ಗಾಯಗೊಂಡ ಡೇಗೆಗಳಿಗೆ ಮದ್ದು ಮಾಡುವುದೇ ಅವನ ಮುಖ್ಯ ಉದ್ಯೋಗ ಎಂದು ಅದರ ತಾತ್ಪರ್ಯ. ಹಕ್ಕಿಗಳ ಆ ವೈದ್ಯನು ಬರೆದಿಟ್ಟ ಪುಸ್ತಕ ನಮಗೆ ಉಳಿದಿಲ್ಲ.

ತಂದೆ ಪಡೆದ ಆ ಅನುಮತಿಯ ಬೆಲೆ ಎಷ್ಟೆಂಬುದು ಮಗಳ ಕಾಲಕ್ಕೆ ಗೊತ್ತಾಯಿತು. 1616ನೆಯ ಫೆಬ್ರುವರಿ 10ರಂದು ಜೂಡಿತಳು ಥಾಮಸ್ ಕ್ವೈನಿಯನ್ನು ವರಿಸಿದಳು. ಅದು ನಿಷಿದ್ಧಕಾಲ, ಲೈಸೆನ್ಸು ಇರಲಿಲ್ಲ. ಅದಕ್ಕಾಗಿ ಕ್ವೈನಿಗೆ ಚರ್ಚಿನಿಂದ ಬಹಿಷ್ಕಾರವಾಯಿತು. ಅವನಿಂದ ಗರ್ಭವತಿಯಾಗಿದ್ದ ಇನ್ನೊಬ್ಬ ಹೆಣ್ಣು ಮಗುವಿನೊಡನೆ ಸತ್ತು ಮಾರ್ಚಿಯಲ್ಲಿ ಮಣ್ಣಾದಳು. ಅದೇ ಮಾರ್ಚ್ 25ರಂದು ಕವಿ ತನ್ನ ಉಯಿಲನ್ನು ತಿದ್ದಿ ರುಜು ಮಾಡಿದನು. ಅದರಲ್ಲಿ ಆನಳ ಪ್ರಸ್ತಾಪ ಬರುವುದು ಒಮ್ಮೆ ಮಾತ್ರ, ಸಾಲುಗಳ ನಡುವೆ ಆಮೇಲೆ ಸೇರಿಸಿದ ಮಾತಿನಲ್ಲಿ: ಮನೆಯ ಎರಡನೆಯ ದರ್ಜೆಯ ಮಂಚ ಅವಳಿಗೆ ಸೇರತಕ್ಕದ್ದು. ಇದು ತಿರಸ್ಕಾರವೋ ದಾಂಪತ್ಯದ ನೆನಪೋ ಎಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ಒಂದು ತಿಂಗಳಲ್ಲಿ ಕವಿ ತೀರಿಕೊಂಡನು. ಏಪ್ರಿಲ್ 25ರಂದು ಅವನ ಹೆಸರು ದಫ್ತರದ ಇನ್ನೊಂದು ಭಾಗಕ್ಕೆ ಸೇರಿತು.

ಅವನ ಮಗ ಹ್ಯಾಮ್ನೆಟ್ 1596ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿಯೇ ಮಡಿದಿದ್ದನು. ಜೂಡಿತಳ ಮೂವರು ಗಂಡುಮಕ್ಕಳೂ ಅವಳ ಕಣ್ಣೆದುರಿಗೇ ತೀರಿಕೊಂಡರು. ಸುಸಾನಳ ಮಗಳು ಎಲಿಜಬೆತ್ 1670ರಲ್ಲಿ ಮಕ್ಕಳಿಲ್ಲದೆ ಸತ್ತಳು. ಅಲ್ಲಿಗೆ ವಂಶ ಮುಗಿಯಿತು. ಇಂದು ಅವನನ್ನು ನನ್ನ ನೇರ ಪೂರ್ವಜನೆಂದು ದಫ್ತರ ತೋರಿಸಿ ಹೇಳಬಲ್ಲವರು ಯಾರೂ ಇಲ್ಲ. ‘ಬಿರುಗಾಳಿ’, ‘ರಕ್ತಾಕ್ಷಿ’ಗಳ ಮೂಲಕ ಅವನನ್ನು ಕನ್ನಡದಲ್ಲಿ ಕಂಡ ನಮಗೂ ಸ್ಟ್ರಾಟ್‌ಫರ್ಡಿನವರಿಗೂ ಈ ವಿಷಯದಲ್ಲಿ ಹಕ್ಕು ಸಮಾನ.

ಆದರೆ ಹಕ್ಕಿನೊಡನೆ ಒಂದು ಹೊಣೆಯೂ ಉಂಟೆಂದು ನಾನು ಭಾವಿಸುತ್ತೇನೆ. ಕವಿಯ ಪಕ್ಷವನ್ನು ವಹಿಸುವುದಕ್ಕೆ ಅವನ ನಾಟಕಗಳಿವೆ. ಆನಳ ಕಡೆಯಿಂದ ಒಂದಕ್ಷರವೂ ಇಲ್ಲ. ಹುಟ್ಟಿನ ದಾಖಲೆಯೂ ಅವಳಿಗಿಲ್ಲ, ಏಕೆಂದರೆ ದಫ್ತರ ಮೊದಲಾಗುವ ಮೊದಲೇ ಅವಳು ಹುಟ್ಟಿದ್ದಳು. ವಯಸ್ಸು ನಮಗೆ ತಿಳಿದದ್ದು ಗೋರಿಯ ಮೇಲಿನ ಹಿತ್ತಾಳೆಯ ಫಲಕದಿಂದ: 1623ನೆಯ ಆಗಸ್ಟ್ 6ರಂದು ಅರುವತ್ತೇಳರ ವಯಸ್ಸಿನಲ್ಲಿ ಸತ್ತಳೆಂದು ಅದರಲ್ಲಿದೆ. ಗಂಡನ ನಾಟಕಗಳ ದೊಡ್ಡ ಸಂಪುಟ ಅಚ್ಚಾಗಿ ಹೊರಬಿದ್ದುದು ಅದೇ ವರ್ಷ, ಅವಳು ಹೋದ ಕೆಲವೇ ತಿಂಗಳಿಗೆ. ಆ ಫಲಕದಲ್ಲಿ ಲ್ಯಾಟಿನ್ ಭಾಷೆಯ ಒಂದು ಪದ್ಯವೂ ಇದೆ. ಹಾಲನ್ನೂ ಜೀವವನ್ನೂ ಕೊಟ್ಟ ತಾಯಿಗೆ ಪ್ರತಿಯಾಗಿ ಕಲ್ಲನ್ನಷ್ಟೆ ಕೊಡಬೇಕಾಯಿತಲ್ಲಾ ಎಂದು ಮಗುವೊಂದು ಮರುಗುವ ಭಾವ ಅದರದು. ಗುಮಾಸ್ತರೂ ವಕೀಲರೂ ಬರೆದ ಸಾಲುಗಳಲ್ಲಿ ಆನ್ ಹ್ಯಾಥವೇಯನ್ನು ಹುಡುಕಿದವರು ಅವಳನ್ನು ಕುರಿತು ತೀರ್ಪು ಕೊಡುವ ಮುನ್ನ, ಅವಳೊಡನೆ ಬಾಳಿದವರು ಇಡಿಸಿದ ಈ ಒಂದು ದಾಖಲೆಯನ್ನೂ ಓದಬೇಕು.