ಓಡಿಸದೆಯೇ ಪ್ರೋಗ್ರಾಮ್ ಸರಿಯಿದೆ ಎನ್ನಬಹುದೇ? ಅಲನ್ ಟ್ಯೂರಿಂಗ್ ಬದುಕು ಮತ್ತು ಒಂದು ಕಂಪೈಲರ್ ದೋಷ

ನೂರು ಸಲ ಓಡಿಸಿದಾಗಲೂ ಸರಿಯಾದ ಉತ್ತರ ಬಂದರೆ ಆ ಪ್ರೋಗ್ರಾಮ್‌ನಲ್ಲಿ ತಪ್ಪಿಲ್ಲ ಎಂದು ನಾವು ನಂಬಿಬಿಡುತ್ತೇವೆ. ಈ ನಂಬಿಕೆ ಸರಿಯಲ್ಲ. ನೂರೊಂದನೇ ಸಲ ಕೊಡುವ ಸಂಖ್ಯೆ ಎಲ್ಲವನ್ನೂ ಕೆಡಿಸಬಹುದು. ಹಾಗಾದರೆ ಪ್ರೋಗ್ರಾಮನ್ನು ಓಡಿಸದೆಯೇ ಅದರ ಬಗ್ಗೆ ಖಚಿತವಾಗಿ ಏನನ್ನಾದರೂ ಹೇಳಲು ಸಾಧ್ಯವೇ? ಈ ಪ್ರಶ್ನೆಯನ್ನು ಎರಡು ಕಡೆಯಿಂದಲೂ ನೋಡಿದವರು ಗಣಿತಜ್ಞ ಅಲನ್ ಟ್ಯೂರಿಂಗ್.

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ತಂದೆ ಜೂಲಿಯಸ್ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ. ತಾಯಿಯ ತಂದೆ ಮದ್ರಾಸ್ ರೈಲ್ವೆಯ ಇಂಜಿನಿಯರ್. ಹೆತ್ತವರು ಭಾರತದಲ್ಲಿದ್ದುದರಿಂದ ಅಲನ್ ಮತ್ತು ಅವರ ಅಣ್ಣ ಇಂಗ್ಲೆಂಡಿನಲ್ಲಿ ಬೇರೆಯವರ ಮನೆಯಲ್ಲಿ ಬೆಳೆದರು. 1931ರಲ್ಲಿ ಅಲನ್ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜು ಸೇರಿದರು.

1936ರಲ್ಲಿ, ಇಂದಿನಂಥ ಕಂಪ್ಯೂಟರ್‌ಗಳು ಇನ್ನೂ ಇಲ್ಲದಿದ್ದಾಗ, ಅವರು ಕಾಗದದ ಮೇಲೆ ಒಂದು ಕಾಲ್ಪನಿಕ ಯಂತ್ರವನ್ನು ಕಟ್ಟಿದರು. ಯಾವ ಪ್ರೋಗ್ರಾಮ್ ಕೊಟ್ಟರೂ ಅದು ಮುಂದೆ ಹೇಗೆ ನಡೆದುಕೊಳ್ಳುತ್ತದೆ ಎಂದು ತಪ್ಪದೆ ಹೇಳಬಲ್ಲ ಒಂದೇ ವಿಧಾನ ಇರಲಾರದು ಎಂದು ಆ ಯಂತ್ರದ ಮೂಲಕ ಸಾಧಿಸಿ ತೋರಿಸಿದರು. ಇದು ಪ್ರಶ್ನೆಯ ಮೊದಲ ಮುಖ.

ಎರಡನೇ ಮಹಾಯುದ್ಧದಲ್ಲಿ ಬ್ಲೆಚ್‌ಲಿ ಪಾರ್ಕ್‌ನಲ್ಲಿ ಜರ್ಮನ್ನರ ಎನಿಗ್ಮಾ ಸಂಕೇತಗಳನ್ನು ಭೇದಿಸುವ ಕೆಲಸದಲ್ಲಿ ಅವರು ತೊಡಗಿದರು. 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದರು. ಅಷ್ಟರಲ್ಲಿ ನಿಜವಾದ ಕಂಪ್ಯೂಟರ್‌ಗಳು ಬಂದಿದ್ದವು, ಜೊತೆಗೆ ಪ್ರೋಗ್ರಾಮ್‌ಗಳ ತಪ್ಪುಗಳೂ.

1949ರ ಜೂನ್‌ನಲ್ಲಿ ಕೇಂಬ್ರಿಡ್ಜ್‌ನ ಸಮ್ಮೇಳನವೊಂದರಲ್ಲಿ ಅವರು ಪುಟ್ಟ ಪ್ರಬಂಧವೊಂದನ್ನು ಮಂಡಿಸಿದರು. ದೊಡ್ಡ ಪ್ರೋಗ್ರಾಮ್ ಸರಿಯಿದೆಯೇ ಎಂದು ಪರೀಕ್ಷಿಸುವುದು ಹೇಗೆ ಎಂಬುದೇ ಅದರ ವಿಷಯ. ಉದಾಹರಣೆಗೆ ಅವರು ಆರಿಸಿಕೊಂಡದ್ದು ಶಾಲೆಯ ಕೂಡುವ ಲೆಕ್ಕ. ಉತ್ತರವನ್ನಷ್ಟೇ ಕೊಟ್ಟರೆ ಇಡೀ ಲೆಕ್ಕವನ್ನು ಮತ್ತೆ ಮಾಡಬೇಕು. ಕೈಯಲ್ಲಿ ಉಳಿದ ದಶಕಗಳನ್ನೂ ಬರೆದಿಟ್ಟರೆ ಒಂದೊಂದು ಸಾಲನ್ನೂ ಬೇರೆಬೇರೆಯಾಗಿ ಪರೀಕ್ಷಿಸಬಹುದು. ಹಾಗೆಯೇ ಪ್ರೋಗ್ರಾಮ್‌ನ ಪ್ರತಿ ಘಟ್ಟದಲ್ಲೂ ಯಾವ ಸಂಖ್ಯೆ ಎಷ್ಟಿರಬೇಕು ಎಂದು ಬರೆದಿಟ್ಟರೆ, ಓಡಿಸದೆಯೇ ಅದು ಸರಿಯೇ ಎಂದು ನೋಡಬಹುದು. ಎಲ್ಲ ಪ್ರೋಗ್ರಾಮ್‌ಗಳಿಗೂ ಒಂದೇ ವಿಧಾನ ಇಲ್ಲದಿದ್ದರೂ ಕೈಯಲ್ಲಿರುವ ಪ್ರೋಗ್ರಾಮಿಗೆ ದಾರಿ ಇರಬಹುದು. ಇದು ಪ್ರಶ್ನೆಯ ಎರಡನೇ ಮುಖ.

1952ರಲ್ಲಿ, ಸಲಿಂಗ ಸಂಬಂಧ ಆಗ ಬ್ರಿಟನ್ನಿನಲ್ಲಿ ಅಪರಾಧವಾಗಿದ್ದ ಕಾರಣ, ಟ್ಯೂರಿಂಗ್ ಅವರಿಗೆ ಶಿಕ್ಷೆಯಾಯಿತು. ಜೈಲು ತಪ್ಪಿಸಿಕೊಳ್ಳಲು ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. 1954ರ ಜೂನ್ 7ರಂದು ಸಯನೈಡ್ ವಿಷದಿಂದ ತೀರಿಕೊಂಡರು. ಅದು ಆತ್ಮಹತ್ಯೆ ಎಂದು ವಿಚಾರಣೆ ತೀರ್ಮಾನಿಸಿತು. ಆಗ ಅವರಿಗೆ 41 ವರ್ಷ. 2009ರಲ್ಲಿ ಬ್ರಿಟನ್ ಸರ್ಕಾರ ಕ್ಷಮೆ ಕೇಳಿತು. 2013ರಲ್ಲಿ ರಾಣಿಯ ಕ್ಷಮಾದಾನವೂ ಬಂತು.

ಅವರು ಕಂಡ ಎರಡು ಮುಖಗಳೂ ಇಂದಿನ ಕಂಪೈಲರ್‌ಗಳಲ್ಲಿ ಎದುರಾಗುತ್ತವೆ. ನಾವು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್, ವೇಗ ಹೆಚ್ಚಿಸಲು ಪ್ರತಿ ಸಂಖ್ಯೆಯೂ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಮೊದಲೇ ಲೆಕ್ಕ ಹಾಕುತ್ತದೆ. ಹತ್ತು ಮನೆಗಳ ಪಟ್ಟಿಯಲ್ಲಿ ಕೇಳುವ ಮನೆಯ ಸಂಖ್ಯೆ 0ರಿಂದ 9ರೊಳಗೇ ಇರುತ್ತದೆ ಎಂದು ಖಚಿತವಾದರೆ, ಗಡಿ ದಾಟಿದೆಯೇ ಎಂದು ಪ್ರತಿಸಲ ನೋಡುವ ತಪಾಸಣೆಯನ್ನು ಕಿತ್ತುಹಾಕುತ್ತದೆ. ಎಲ್ಲ ಪ್ರೋಗ್ರಾಮಿಗೂ ಕರಾರುವಾಕ್ಕಾದ ವ್ಯಾಪ್ತಿ ಸಿಗುವುದು ಅಸಾಧ್ಯ. ಅದು 1936ರ ಪಾಠ. ಆದ್ದರಿಂದ ಕಂಪೈಲರ್ ಅಂದಾಜು ಮಾಡಬೇಕು. ಅಂದಾಜು ನಿಜಕ್ಕಿಂತ ದೊಡ್ಡದಾದರೆ ವೇಗವಷ್ಟೇ ಕಡಿಮೆಯಾಗುತ್ತದೆ. ಚಿಕ್ಕದಾದರೆ ಅಪಾಯ.

ಇಂಥ ತಪ್ಪೊಂದು 2018ರಲ್ಲಿ ಕ್ರೋಮ್ ಬ್ರೌಸರ್‌ನ ಜಾವಾಸ್ಕ್ರಿಪ್ಟ್ ಎಂಜಿನ್ ಆದ ವಿ8ರಲ್ಲಿ ಬೆಳಕಿಗೆ ಬಂತು. ಕಂಪ್ಯೂಟರ್‌ಗಳಲ್ಲಿ ಸೊನ್ನೆಯ ಜೊತೆಗೆ ಋಣ ಸೊನ್ನೆ ಎಂಬುದೂ ಇದೆ. ಎಕ್ಸ್‌ಪಿಎಂ1 ಎಂಬ ಗಣಿತ ಕ್ರಿಯೆಗೆ ಋಣ ಸೊನ್ನೆ ಕೊಟ್ಟರೆ ಉತ್ತರವೂ ಋಣ ಸೊನ್ನೆಯೇ. ಕಂಪೈಲರ್ ಹಾಕಿಕೊಂಡಿದ್ದ ವ್ಯಾಪ್ತಿಯಲ್ಲಿ ಅದೊಂದು ಬಿಟ್ಟುಹೋಗಿತ್ತು. ಉತ್ತರ ಎಂದೂ ಋಣ ಸೊನ್ನೆ ಆಗದು ಎಂದು ನಂಬಿದ ಕಂಪೈಲರ್, ಅದೇ ನಂಬಿಕೆಯ ಮೇಲೆ ಬೇಕಾಗಿದ್ದ ಗಡಿ ತಪಾಸಣೆಯನ್ನೂ ತೆಗೆದುಹಾಕುವಂತೆ ಮಾಡಬಹುದಿತ್ತು. ಬೇರೆಯವರ ಕಂಪ್ಯೂಟರ್‌ನ ಮೆಮೊರಿಗೆ ಕೈಹಾಕಲು ದಾಳಿಕೋರರಿಗೆ ಅಷ್ಟು ಸಾಕು.

ಪರಿಹಾರ ಸರಳ: ಋಣ ಸೊನ್ನೆಯೂ ಸೇರುವಂತೆ ವ್ಯಾಪ್ತಿಯನ್ನು ಹಿಗ್ಗಿಸುವುದು. ಆದರೆ ಅದೇ ಊಹೆ ಕಂಪೈಲರ್‌ನ ಎರಡು ಕಡೆ ಇತ್ತು. ಮೊದಲು ಒಂದು ಕಡೆ ಮಾತ್ರ ಸರಿಪಡಿಸಲಾಯಿತು, ಇನ್ನೊಂದನ್ನು ಆಮೇಲೆ ಸರಿಪಡಿಸಬೇಕಾಯಿತು.

ಟ್ಯೂರಿಂಗ್ ಅವರ 1949ರ ಪ್ರಬಂಧದಲ್ಲೂ ಅಚ್ಚಿನ ತಪ್ಪುಗಳು ನುಸುಳಿದ್ದವು. 1984ರಲ್ಲಿ ಇಬ್ಬರು ವಿದ್ವಾಂಸರು ಅವನ್ನು ತಿದ್ದಿ ಮತ್ತೆ ಪ್ರಕಟಿಸಿದರು. ಪರಿಶೀಲನೆಯ ಪಾಠ ಹೇಳುವ ಬರಹಕ್ಕೂ ಪರಿಶೀಲನೆ ಬೇಕು. ಮುಂದಿನ ಸಲ ಬ್ರೌಸರ್ ಅಪ್‌ಡೇಟ್ ಕೇಳಿದಾಗ ನಾಳೆ ನೋಡೋಣ ಎಂದು ಮುಂದೂಡಬೇಡಿ. ಇಂಥದೇ ಒಂದು ವ್ಯಾಪ್ತಿಯನ್ನು ಯಾರೋ ಹಿಗ್ಗಿಸಿರಬಹುದು.